ಹಲ್ಲು ಹೇಳಿದ್ದು, ಮೂತ್ರ ಹೇಳಬಹುದಾದ್ದು

ಸಿಂಧನೂರು, ಲಿಂಗಸೂಗೂರು, ಮಸ್ಕಿ ಸೀಮೆಯಲ್ಲಿ ಮಕ್ಕಳ ಹಲ್ಲಿನ ಕಲೆಯನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ‘ನಮ್ಮೂರ ನೀರೇ ಹಂಗ ಐತಿ’ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮುಂದಿನ ಎರಡು ಹಲ್ಲುಗಳ ಮೇಲೆ ಮೊದಲು ಸುಣ್ಣ ಮೆತ್ತಿದಂಥ ಬಿಳಿ ಮಚ್ಚೆ, ಆಮೇಲೆ ಅಡ್ಡಡ್ಡ ಹಳದಿ ಗೆರೆ, ಕೊನೆಗೆ ಕಂದು ಬಣ್ಣ. ಉಜ್ಜಿದರೆ ಹೋಗುವಂಥದ್ದಲ್ಲ. ಮದುವೆಯ ವಯಸ್ಸಿಗೆ ಬಂದ ಹುಡುಗಿ ನಗುವಾಗ ಸೆರಗು ಅಡ್ಡ ಹಿಡಿದಾಗಷ್ಟೇ ಮನೆಯವರಿಗೆ ಅದೊಂದು ಸಮಸ್ಯೆಯಾಗಿ ಕಾಣುತ್ತದೆ. ಅಷ್ಟು ಹೊತ್ತಿಗೆ ಆ ಕಲೆ ಬಿದ್ದು ಹದಿನೈದು ವರ್ಷವಾಗಿರುತ್ತದೆ.

ಈ ತಡವೇ ವಿಜ್ಞಾನಿಗಳನ್ನು ಬಹಳ ಕಾಲದಿಂದ ಕಾಡಿದೆ. ಹಲ್ಲು ಕೆಡುವುದಕ್ಕೂ ಎಲುಬು ಬಿಗಿಯುವುದಕ್ಕೂ ಮುಂಚೆ, ಮಗುವಿನ ದೇಹ ಫ್ಲೋರೈಡಿನಿಂದ ತೊಂದರೆಗೆ ಸಿಕ್ಕಿದೆ ಎಂದು ತಿಳಿಯುವ ದಾರಿ ಇದೆಯೇ? ಎರಡು ದಶಕಗಳಿಂದ ಇದಕ್ಕೆ ಬರುತ್ತಿರುವ ಉತ್ತರಗಳಲ್ಲಿ ಒಂದು, ಮೂತ್ರದಲ್ಲಿ ಸಿಗುವ ಕೆಲವು ಪ್ರೋಟೀನುಗಳು. ಸೂಜಿ ಚುಚ್ಚಬೇಕಿಲ್ಲ, ಮಗು ಅಳುವುದಿಲ್ಲ, ಶಾಲೆಯಲ್ಲೇ ಮಾದರಿ ಸಂಗ್ರಹಿಸಬಹುದು. ಕೇಳಲು ಹಿತವಾದ ಮಾತೇ. ಆದರೆ ಈ ಪ್ರೋಟೀನುಗಳು ಕಿಡ್ನಿಯ ಸುದ್ದಿ ಹೇಳುತ್ತವೆಯೇ ಹೊರತು ಫ್ಲೋರೈಡಿನ ಸುದ್ದಿಯನ್ನಲ್ಲ. ಈ ಎರಡರ ನಡುವಿನ ಅಂತರ ಈ ಮೂರು ತಾಲ್ಲೂಕುಗಳಲ್ಲಿರುವಷ್ಟು ದೊಡ್ಡದಾಗಿ ಬೇರೆಡೆ ಕಾಣುವುದು ಕಡಿಮೆ.

ಮೊದಲು ನೆಲದ ವಿಚಾರ. ಈ ತಾಲ್ಲೂಕುಗಳಿರುವ ರಾಯಚೂರು ಜಿಲ್ಲೆಯ ಬಹುಭಾಗ ಹಳೆಯ ಗ್ರಾನೈಟು ಮತ್ತು ನೈಸ್ ಬಂಡೆಗಳ ಮೇಲೆ ಕೂತಿದೆ. ಈ ಬಂಡೆಗಳಲ್ಲಿ ಅಪಟೈಟ್, ಬಯೋಟೈಟ್, ಹಾರ್ನ್‌ಬ್ಲೆಂಡ್, ಕೆಲವೆಡೆ ಫ್ಲೋರೈಟ್ ಖನಿಜಗಳಿದ್ದು, ಫ್ಲೋರೈಡು ಅವುಗಳಿಂದ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಾದ ಕ್ಷಾರದ ನೀರಿನಲ್ಲಿ ಆ ಹಿಡಿತ ತಪ್ಪುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರು ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ಬೋರು ಆಳಕ್ಕೆ ಹೋದಷ್ಟೂ ಹಳೆಯ ನೀರು ಮೇಲೆ ಬರುತ್ತದೆ. ಎಂಬತ್ತರ ದಶಕದಿಂದೀಚೆಗೆ ಸೇದುವ ಬಾವಿ ಬಿಟ್ಟು ಕೈಪಂಪಿಗೆ, ಕೈಪಂಪು ಬಿಟ್ಟು ಆಳದ ಬೋರಿಗೆ ಹೋದ ನಮ್ಮ ಹಳ್ಳಿಗಳು ಭೇದಿ, ನಾರುಹುಣ್ಣಿನಿಂದ ತಪ್ಪಿಸಿಕೊಂಡವು, ಫ್ಲೋರೈಡಿಗೆ ಸಿಕ್ಕಿಬಿದ್ದವು. ನಾರುಹುಣ್ಣು ನಿರ್ಮೂಲವಾದದ್ದು ದೊಡ್ಡ ಗೆಲುವೇ. ಅದರ ಲೆಕ್ಕಪತ್ರದಲ್ಲಿ ಈ ಬಾಬ್ತನ್ನು ಬರೆದವರು ಮಾತ್ರ ಕಡಿಮೆ.

ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ, ಬೇರೆ ನೀರು ಇಲ್ಲವೇ ಇಲ್ಲ ಅಂದಾಗ 1.5ರವರೆಗೆ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಆದರೆ ಈ ಅಂಕಿಯ ಹಿಂದೆ ಒಬ್ಬ ಮನುಷ್ಯ ದಿನಕ್ಕೆ ಸುಮಾರು ಎರಡು ಲೀಟರ್ ಕುಡಿಯುತ್ತಾನೆಂಬ ಊಹೆ ಇದೆ. ಏಪ್ರಿಲ್‌ನಲ್ಲಿ ಮಸ್ಕಿ ಕಡೆ ಹೊಲದಲ್ಲಿ ದುಡಿಯುವವರಿಗೆ ಎರಡು ಲೀಟರು ಮಧ್ಯಾಹ್ನದ ಊಟದ ಹೊತ್ತಿಗೇ ಮುಗಿದಿರುತ್ತದೆ. ಮೈತೂಕ ಕಡಿಮೆ ಇರುವ ಮಗುವಿಗೆ ಪ್ರತಿ ಕಿಲೋ ಲೆಕ್ಕದಲ್ಲಿ ಬೀಳುವ ಪಾಲು ಇನ್ನೂ ಹೆಚ್ಚು.

ಮೂರು ತಾಲ್ಲೂಕುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೂ ನೀರಿನ ವಿಷಯದಲ್ಲಿ ಅವು ಒಂದಲ್ಲ. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಅಲ್ಲಿ ಭತ್ತ, ಅಕ್ಕಿ ಗಿರಣಿ, ವಲಸೆ ಬಂದ ರೈತರ ಕ್ಯಾಂಪುಗಳು, ಕಾಲುವೆ ನೀರು ತುಂಬಿಸಿಕೊಳ್ಳುವ ಕುಡಿಯುವ ನೀರಿನ ಕೆರೆಗಳು. ಲಿಂಗಸೂಗೂರಿನ ಕೆಲವು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುತ್ತದೆ, ಉಳಿದದ್ದು ಮಳೆಯಾಶ್ರಿತ. ಈ ಎರಡರ ಜತೆ ಮಾನ್ವಿಯ ಹಳ್ಳಿಗಳನ್ನೂ ಸೇರಿಸಿ ಈಚೆಗೆ ರಚನೆಯಾದ ಮಸ್ಕಿ ತಾಲ್ಲೂಕಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ದೀರ್ಘ ಧರಣಿ ಕೂತದ್ದು, 2021ರ ಉಪಚುನಾವಣೆಯಲ್ಲಿ ಅದೇ ಮುಖ್ಯ ವಿಷಯವಾದದ್ದು ಅನೇಕರಿಗೆ ನೆನಪಿರಬಹುದು. ಅದು ಹೊಲಕ್ಕೆ ನೀರು ಕೇಳಿದ ಹೋರಾಟ. ಆದರೆ ಕಾಲುವೆ ಹತ್ತಿರ ಬಂದ ಊರಿನ ಮಕ್ಕಳ ಹಲ್ಲಿಗೂ ಬಾರದ ಊರಿನ ಮಕ್ಕಳ ಹಲ್ಲಿಗೂ ವ್ಯತ್ಯಾಸ ಬೀಳುತ್ತದೆ ಎನ್ನುವುದನ್ನು ಯಾವ ವೇದಿಕೆಯಲ್ಲೂ ಹೇಳಿದ್ದು ಕಡಿಮೆ. ಕಾಲುವೆ ಇದ್ದರೂ ವರ್ಷವಿಡೀ ಹರಿಯುವುದಿಲ್ಲ. ಬೇಸಿಗೆಯಲ್ಲಿ ಕೆರೆ ತಳ ಕಂಡರೆ, ಕೊನೆಯ ಭಾಗದ ಹಳ್ಳಿಗಳು ಮತ್ತೆ ಬೋರಿಗೆ ಮರಳುತ್ತವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ಎಡದಂಡೆ ಉಸಿರು ಬಿಗಿಹಿಡಿದದ್ದು ಭತ್ತಕ್ಕಾಗಿ ಮಾತ್ರವಲ್ಲ.

ಇದರ ಮೇಲೆ ಶುದ್ಧ ಕುಡಿಯುವ ನೀರಿನ ಘಟಕಗಳು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಘಟಕ ನಡೆಯುತ್ತಿದ್ದಷ್ಟು ದಿನ ಫ್ಲೋರೈಡು ಖಂಡಿತ ಇಳಿಯುತ್ತದೆ. ನೀರು ಸೋಸುವ ಪೊರೆ ಕೆಟ್ಟರೆ, ಮೋಟಾರು ಸುಟ್ಟರೆ, ಗುತ್ತಿಗೆ ಅವಧಿ ಮುಗಿದರೆ ಮುಗಿಯಿತು. ಘಟಕ ನಡೆಯುತ್ತಿರುವ ಊರಲ್ಲೂ ಕ್ಯಾನಿನ ನೀರು ಕುಡಿಯುವುದಕ್ಕೆ ಮಾತ್ರ. ಅನ್ನಕ್ಕೆ, ಬೇಳೆಗೆ, ರೊಟ್ಟಿಯ ಹಿಟ್ಟು ಕಲಸುವುದಕ್ಕೆ, ಚಹಾಕ್ಕೆ ನಲ್ಲಿಯ ಬೋರಿನ ನೀರೇ. ಬೇಳೆ ಒಲೆಯ ಮೇಲೆ ಹೆಚ್ಚು ಹೊತ್ತು ಕುದಿಯುತ್ತದೆ, ಆವಿಯಾದ ನೀರಿಗೆ ಮತ್ತೆರಡು ತಂಬಿಗೆ ಸುರಿಯುತ್ತಾರೆ. ಆವಿಯ ಜತೆ ಫ್ಲೋರೈಡು ಹೋಗುವುದಿಲ್ಲ. ಪಾತ್ರೆಯಲ್ಲೇ ಉಳಿದು, ಮತ್ತೆ ಸುರಿದದ್ದರ ಜತೆ ಸೇರಿ, ಬೇಳೆಯೊಳಗೆ ಇಳಿಯುತ್ತದೆ. ‘ನೀರು ಕಾಸಿ ಆರಿಸಿ ಕುಡಿಯಿರಿ’ ಎನ್ನುವ ಸಲಹೆ ಭೇದಿಗೆ ಸರಿ, ಫ್ಲೋರೈಡಿನ ಊರಿನಲ್ಲಿ ಅದನ್ನೇ ಹೇಳುತ್ತ ಹೋದರೆ ಕೆಲಸ ಕೆಡುತ್ತದೆ. ಅದಕ್ಕೇ ಬೋರಿನ ನೀರು ಪರೀಕ್ಷಿಸಿ ಒಂದು ಅಂಕಿ ಬರೆದಿಟ್ಟುಕೊಂಡ ಮಾತ್ರಕ್ಕೆ ಆ ಊರಿನ ಒಂದು ಮಗುವಿನ ಮೈಗೆ ಎಷ್ಟು ಹೋಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಮಗುವಿನ ದೇಹವನ್ನೇ ಕೇಳಬೇಕು.

ದೇಹವನ್ನು ಕೇಳುವ ಚರಿತ್ರೆ ನಮ್ಮ ಪಕ್ಕದಲ್ಲೇ ಶುರುವಾಯಿತು. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಎತ್ತುಗಳ ಕೀಲು ಬಿಗಿದು ನೇಗಿಲು ಎಳೆಯಲಾರದೆ ಹೋದದ್ದನ್ನು ರೈತರು ಗಮನಿಸಿದ್ದರು. ಮನುಷ್ಯರಲ್ಲೂ ಅದೇ ಬೇನೆ ಇದೆಯೆಂದು ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಮೂಳೆ ಫ್ಲೋರೋಸಿಸ್ ದಾಖಲೆಯ ಆರಂಭ ಅದು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಆಂಧ್ರದ ಫ್ಲೋರೈಡ್ ಹಳ್ಳಿಗಳಲ್ಲಿ ಮೊಣಕಾಲು ಒಳಕ್ಕೆ ಬಾಗಿದ ಹದಿಹರೆಯದವರನ್ನು ಕಂಡರು. ಜೋಳ ಮುಖ್ಯ ಆಹಾರವಾದವರಲ್ಲಿ ಆ ಬಾಗು ಹೆಚ್ಚಾಗಿತ್ತು, ಜೋಳದ ಜತೆ ಬರುವ ಮಾಲಿಬ್ಡಿನಂ ದೇಹದ ತಾಮ್ರವನ್ನು ಕಳೆಯುತ್ತದೆಂಬ ವಿವರಣೆ ಬಂತು. ಅದೇ ಆಂಧ್ರದ, ಈಗ ತೆಲಂಗಾಣಕ್ಕೆ ಸೇರಿದ ನಲ್ಗೊಂಡದ ಹೆಸರಿನಲ್ಲಿ ನಾಗಪುರದ ನೀರಿ ಸಂಸ್ಥೆ ಪಟಿಕ, ಸುಣ್ಣ ಹಾಕಿ ಫ್ಲೋರೈಡು ತೆಗೆಯುವ ವಿಧಾನವನ್ನು ರೂಪಿಸಿತು. ಕೇಂದ್ರ ಸರ್ಕಾರದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ ಬಂದದ್ದು 2008–09ರಲ್ಲಿ, ಅಂದರೆ ಶಾರ್ಟ್ ಬರೆದು ಎಪ್ಪತ್ತು ವರ್ಷದ ಮೇಲೆ. ಅದರಲ್ಲಿ ಮೂತ್ರದ ಫ್ಲೋರೈಡು ಅಳೆಯುವ ವ್ಯವಸ್ಥೆ ಇದೆ, ಪ್ರೋಟೀನಿನದಿಲ್ಲ.

ಹಲ್ಲಿನ ಸಾಕ್ಷ್ಯಕ್ಕೆ ಒಂದು ಬಲ, ಒಂದು ದೌರ್ಬಲ್ಯ. ಬಲವೆಂದರೆ ಅದು ಅಳಿಸುವುದಿಲ್ಲ. ಅಮೆರಿಕದ ಟ್ರೆಂಡ್ಲಿ ಡೀನ್ 1930–40ರ ದಶಕಗಳಲ್ಲಿ ಮಾಡಿಟ್ಟ ಶ್ರೇಣಿಯನ್ನು ಇವತ್ತಿಗೂ ಶಾಲಾ ತಪಾಸಣೆಯಲ್ಲಿ ಬಳಸುತ್ತಾರೆ. ಬೆಳಕಿಗೆ ಮುಖಮಾಡಿ ಬಾಯಿ ತೆರೆಸಿದರೆ ಸಾಕು. ದೌರ್ಬಲ್ಯವೆಂದರೆ ಶಾಶ್ವತ ಹಲ್ಲಿನ ಎನಾಮೆಲ್ಲು ಒಸಡಿನ ಒಳಗೇ, ಎಂಟು ವರ್ಷದೊಳಗೆ ಬೆಳೆದು ಮುಗಿಯುತ್ತದೆ, ಬಾಚಿಹಲ್ಲಿನದಂತೂ ಇನ್ನೂ ಮುಂಚೆ. ಹನ್ನೆರಡರ ಹುಡುಗನ ಮುಂಬಾಚಿಯ ಕಲೆ ಅವನು ಎರಡು ಮೂರರ ಕೂಸಾಗಿದ್ದಾಗ ಕುಡಿದ ನೀರಿನ ದಾಖಲೆ. ಕಳೆದ ವರ್ಷ ಊರಿಗೆ, ನದಿಯಿಂದ ಹಲವು ಹಳ್ಳಿಗೆ ನೀರು ತರುವ ಬಹುಗ್ರಾಮ ಯೋಜನೆಯ ನೀರು ಬಂದಿದ್ದರೂ ಆ ಹಲ್ಲಿಗೆ ಗೊತ್ತಿಲ್ಲ. ಕಲೆ ಕಾಣುವ ಮೊದಲಿನ ನಾಲ್ಕು ವರ್ಷದ ಮಗುವಿನ ಬಗ್ಗೆಯಂತೂ ಹಲ್ಲಿನಿಂದ ಏನೂ ತಿಳಿಯದು, ರಕ್ಷಣೆ ಬೇಕಾದದ್ದು ಮಾತ್ರ ಅದೇ ವಯಸ್ಸಿನಲ್ಲಿ.

ಮೂತ್ರದ ಫ್ಲೋರೈಡು ಈಚಿನ ದಿನಗಳ ಲೆಕ್ಕ ಕೊಡುತ್ತದೆ. ಹೊಟ್ಟೆಗೆ ಹೋದ ಫ್ಲೋರೈಡು ಗಂಟೆಯೊಳಗೆ ರಕ್ತದಲ್ಲಿ ಏರಿ, ಒಂದು ಪಾಲು ಎಲುಬಿಗೆ, ಒಂದು ಪಾಲು ಕಿಡ್ನಿಯ ಮೂಲಕ ಹೊರಕ್ಕೆ ಹೋಗುತ್ತದೆ. ದೊಡ್ಡವರಲ್ಲಿ ಸುಮಾರು ಅರ್ಧ ಉಳಿದರೆ, ಬೆಳೆಯುವ ಎಲುಬಿನ ಸಣ್ಣ ಮಕ್ಕಳಲ್ಲಿ ನೂರಕ್ಕೆ ಎಂಬತ್ತರವರೆಗೂ ಉಳಿಯಬಹುದು. ಹೀಗಾಗಿ ದೊಡ್ಡವರಲ್ಲೂ ಮಗುವಿನಲ್ಲೂ ಮೂತ್ರದ ಅಂಕಿ ಒಂದೇ ಬಂದರೂ ಒಳಗೆ ಹೋದದ್ದು ಒಂದೇ ಅಲ್ಲ. ಮಗು ಹೆಚ್ಚು ಬಚ್ಚಿಟ್ಟುಕೊಂಡಿರುತ್ತದೆ. ಮೂತ್ರ ಆಮ್ಲೀಯವಾದರೆ ಫ್ಲೋರೈಡು ಕಿಡ್ನಿಯಿಂದಲೇ ಮರಳಿ ರಕ್ತಕ್ಕೆ ಹೋಗುತ್ತದೆ, ಕ್ಷಾರೀಯವಾದರೆ ಹೆಚ್ಚು ಹೊರಬೀಳುತ್ತದೆ. ಒಳ್ಳೆಯ ನೀರಿಗೆ ಬದಲಾದ ಮೇಲೂ ಎಲುಬು ತನ್ನ ಸಂಗ್ರಹವನ್ನು ನಿಧಾನವಾಗಿ ಬಿಡುತ್ತಿರುತ್ತದೆ.

ಇಷ್ಟೆಲ್ಲ ಕೊಕ್ಕೆ ಇದ್ದರೂ ಅಳತೆ ಸರಳ. ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದ ಮೂತ್ರಕ್ಕೆ ಸಮಪ್ರಮಾಣದ ಬಫರ್ ದ್ರಾವಣ ಬೆರೆಸುತ್ತಾರೆ. ಅಲ್ಯುಮಿನಿಯಂ, ಕಬ್ಬಿಣಗಳು ಹಿಡಿದಿಟ್ಟುಕೊಂಡ ಫ್ಲೋರೈಡು ಬಿಡುಗಡೆಯಾಗುವುದು ಅದರಿಂದ. ಲ್ಯಾಂಥನಂ ಫ್ಲೋರೈಡಿನ ಹರಳು ಕೂರಿಸಿದ ಎಲೆಕ್ಟ್ರೋಡನ್ನು ಅದರಲ್ಲಿ ಅದ್ದಿ, ಸಣ್ಣಗೆ ಕಲಕುತ್ತ, ಮಿಲಿವೋಲ್ಟಿನ ಅಂಕಿ ಓಡುವುದು ನಿಲ್ಲುವವರೆಗೆ ಕಾಯುತ್ತಾರೆ. ಗೊತ್ತಿರುವ ದ್ರಾವಣಗಳ ಜತೆ ಹೋಲಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ಸಾಮಾನ್ಯವಾಗಿ 1ರ ಒಳಗಿರಬೇಕು. ಫ್ಲೋರೈಡು ಒಂದು ಅಯಾನು, ಕೊಳೆಯುವ ವಸ್ತುವಲ್ಲ. ಬಸ್ಸಿನಲ್ಲಿ ಸಿಂಧನೂರಿನಿಂದ ರಾಯಚೂರಿಗೆ ಬಿಸಿಲಲ್ಲಿ ಹೋದರೂ ಕೆಡುವುದಿಲ್ಲ. ಪ್ರೋಟೀನಿನ ಪಾಡು ಬೇರೆ.

ಕಿಡ್ನಿಯ ಒಳಗೆ ಲಕ್ಷಗಟ್ಟಲೆ ಸೋಸುವ ಗುಚ್ಛಗಳಿವೆ, ಪ್ರತಿಯೊಂದಕ್ಕೂ ಒಂದು ಸುತ್ತಿಕೊಂಡ ನಳಿಕೆ. ದೊಡ್ಡ ಪ್ರೋಟೀನುಗಳನ್ನು ಗುಚ್ಛವೇ ತಡೆಯುತ್ತದೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್, ರೆಟಿನಾಲ್ ಹಿಡಿಯುವ ಪ್ರೋಟೀನ್, ಆಲ್ಫಾ-1 ಮೈಕ್ರೋಗ್ಲಾಬ್ಯುಲಿನ್, ಸಿಸ್ಟಾಟಿನ್-ಸಿಯಂಥ ಸಣ್ಣವು ಸೋಸಿಹೋಗುತ್ತವೆ. ನಳಿಕೆಯ ಮೊದಲ ಭಾಗದ ಜೀವಕೋಶಗಳು ಅವನ್ನು ಹೆಕ್ಕಿ ಒಳಕ್ಕೆ ಎಳೆದುಕೊಳ್ಳುತ್ತವೆ. ಆ ಕೋಶಗಳು ಸೊರಗಿದರೆ ಹೆಕ್ಕುವವರಿಲ್ಲದೆ ಇವು ಮೂತ್ರಕ್ಕೆ ಬರುತ್ತವೆ. ಎನ್‌ಎಜಿ ಎಂಬ ಕಿಣ್ವದ ಕತೆ ಬೇರೆ. ಅದು ಸೋಸಿ ಬರಲಾರದಷ್ಟು ದೊಡ್ಡದು, ಮೂತ್ರದಲ್ಲಿ ಹೆಚ್ಚಿಗೆ ಸಿಕ್ಕಿತೆಂದರೆ ನಳಿಕೆಯ ಕೋಶದೊಳಗಿಂದಲೇ ಸೋರಿದೆ ಎಂದರ್ಥ. ಕಿಮ್-1 ಎಂಬ ಪ್ರೋಟೀನಂತೂ ಆರೋಗ್ಯವಂತ ನಳಿಕೆಯಲ್ಲಿ ಹೆಚ್ಚು ಕಡಿಮೆ ಇರುವುದೇ ಇಲ್ಲ. ಪೆಟ್ಟು ಬಿದ್ದಾಗ ಕೋಶದ ಮೇಲೆ ಮೂಡಿ, ಅದರ ಹೊರತುದಿ ಕಳಚಿ ಮೂತ್ರಕ್ಕೆ ಬೀಳುತ್ತದೆ. ಎನ್‌ಗ್ಯಾಲ್ ಅಂಥದೇ ಇನ್ನೊಂದು ಪ್ರೋಟೀನು. ಇವೆಲ್ಲ, ಕಿಡ್ನಿ ಪರೀಕ್ಷೆಯಲ್ಲಿ ಮಾಮೂಲಾಗಿ ನೋಡುವ ರಕ್ತದ ಕ್ರಿಯಾಟಿನಿನ್ ಏರುವುದಕ್ಕೆ ಬಹಳ ಮೊದಲೇ ಏಳುತ್ತವೆ. ಕಿಡ್ನಿಯ ಗಣನೀಯ ಭಾಗ ಸೋತ ಮೇಲಷ್ಟೇ ಕ್ರಿಯಾಟಿನಿನ್ ಎಚ್ಚರಿಸುತ್ತದೆ. 2008ರಲ್ಲಿ ಅಮೆರಿಕ ಮತ್ತು ಯೂರೋಪಿನ ಔಷಧ ನಿಯಂತ್ರಕರು ಕಿಮ್-1 ಸೇರಿದಂತೆ ಏಳು ಮೂತ್ರ ಪ್ರೋಟೀನುಗಳನ್ನು ಒಪ್ಪಿದ್ದು ಇದೇ ಗುಣಕ್ಕೆ. ಆದರೆ ಆ ಒಪ್ಪಿಗೆ ಪ್ರಾಣಿಗಳ ಮೇಲೆ ಔಷಧ ಪರೀಕ್ಷಿಸುವ ಹಂತಕ್ಕಿತ್ತೇ ಹೊರತು ಹಳ್ಳಿಯ ಮಕ್ಕಳ ತಪಾಸಣೆಗಲ್ಲ.

ಊರಿನ ಆಸ್ಪತ್ರೆಯಲ್ಲಿ ಮೂತ್ರಕ್ಕೆ ಅದ್ದುವ ಬಣ್ಣದ ಪಟ್ಟಿಯಲ್ಲಿ ಇದೆಲ್ಲ ಕಾಣುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕಾಣುವುದಿಲ್ಲ. ಆ ಪಟ್ಟಿ ಸ್ಪಂದಿಸುವುದು ಮುಖ್ಯವಾಗಿ ಅಲ್ಬುಮಿನ್ನಿಗೆ, ಅದೂ ಸಾಕಷ್ಟು ಹೆಚ್ಚಿದ್ದಾಗ. ನಳಿಕೆಯ ಸಣ್ಣ ಪ್ರೋಟೀನುಗಳು ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತವೆ. ಫ್ಲೋರೈಡು ಕುಡಿಯುವ ಮಗುವಿನ ಮೂತ್ರಕ್ಕೆ ಪಟ್ಟಿ ಅದ್ದಿ ‘ಪ್ರೋಟೀನ್ ನಿಲ್’ ಎಂದು ಚೀಟಿ ಬರೆದುಕೊಡುವುದು ಸುಳ್ಳು ಸಮಾಧಾನ.

ಪರಿಸರದ ವಿಷವನ್ನು ಮೂತ್ರದ ಪ್ರೋಟೀನಿನಿಂದ ಹಿಡಿದ ಅತಿ ಪ್ರಸಿದ್ಧ ಉದಾಹರಣೆ ಜಪಾನಿನ ಕ್ಯಾಡ್ಮಿಯಂ. ಜಿಂಜು ನದಿಯ ಬಯಲಿನ ಗದ್ದೆಗಳಿಗೆ ಗಣಿಯ ನೀರು ಸೇರಿ, ಅಕ್ಕಿಯ ಮೂಲಕ ಕ್ಯಾಡ್ಮಿಯಂ ದೇಹಕ್ಕೆ ಹೋಗಿ, ಎಲುಬು ಮುರಿಯುವ ಇತಾಯ್-ಇತಾಯ್ ರೋಗ ಬಂತು. 1968ರಲ್ಲಿ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿತು. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಆಮೇಲೆ ಆ ಜನರ ತಪಾಸಣೆಯ ಮುಖ್ಯ ಅಸ್ತ್ರವಾಯಿತು. ಆದರೆ ಅಲ್ಲಿ ಕ್ಯಾಡ್ಮಿಯಂ ಕಿಡ್ನಿಯಲ್ಲೇ ದಶಕಗಟ್ಟಲೆ ಕೂರುತ್ತದೆ, ಗುರಿ ಅಂಗವೇ ಕಿಡ್ನಿ. ಫ್ಲೋರೈಡಿನ ಗುರಿ ಎಲುಬು ಮತ್ತು ಹಲ್ಲು. ಕಿಡ್ನಿ ಅದು ಹಾದುಹೋಗುವ ದಾರಿ. ಕ್ಯಾಡ್ಮಿಯಮ್ಮಿನ ಯಶಸ್ಸನ್ನು ಹಾಗೇ ಎತ್ತಿ ಫ್ಲೋರೈಡಿಗೆ ಅಂಟಿಸಲು ಆಗದಿರುವುದು ಇಲ್ಲಿಯೇ.

ಹಾಗಾದರೆ ಮಕ್ಕಳಲ್ಲಿ ಏನು ಕಂಡಿದ್ದಾರೆ? ಹೆಚ್ಚಾಗಿ ಉಲ್ಲೇಖವಾಗುವುದು 2007ರಲ್ಲಿ ಪ್ರಕಟವಾದ ಚೀನಾದ ಅಧ್ಯಯನ. ಒಂದೇ ವಸತಿ ಪ್ರದೇಶದ 210 ಮಕ್ಕಳನ್ನು ನೀರಿನ ಫ್ಲೋರೈಡು ಮತ್ತು ಹಲ್ಲಿನ ಕಲೆ ನೋಡಿ ಮೂವತ್ತರಂತೆ ಏಳು ಗುಂಪು ಮಾಡಿದರು. 0.61ರಿಂದ 0.87 ಮಿಲಿಗ್ರಾಂ ನೀರು ಕುಡಿಯುವವರಿಗಿಂತ 3.15ರಿಂದ 5.69ರ ನೀರು ಕುಡಿಯುವವರ ಮೂತ್ರದಲ್ಲಿ ಎನ್‌ಎಜಿ ಮತ್ತು ಗಾಮಾ-ಜಿಟಿ ಕಿಣ್ವಗಳು ಹೆಚ್ಚಾಗಿದ್ದವು, ಹಲ್ಲಿನಲ್ಲಿ ಕಲೆ ಇರಲಿ, ಬಿಡಲಿ. 2ರಿಂದ 3ರ ನಡುವಿನ ನೀರಿನಲ್ಲಿ ಮಾತ್ರ ಕಲೆ ಇದ್ದ ಮಕ್ಕಳಲ್ಲಿ ಏರಿತ್ತು. 2 ಮಿಲಿಗ್ರಾಂ ದಾಟಿದರೆ ಕಿಡ್ನಿಗೂ ಲಿವರಿಗೂ ಪೆಟ್ಟು ಎಂದು ಅವರ ನಿರ್ಣಯ. ಗುಂಪಿಗೆ ಮೂವತ್ತು ಮಕ್ಕಳು ಅಂದರೆ ಸಣ್ಣ ಸಂಖ್ಯೆ, ಆದರೆ ಡೋಸು ಏರಿದಂತೆ ಅಂಕಿಯೂ ಏರಿದ್ದು ಅಲಕ್ಷಿಸುವಂಥದ್ದಲ್ಲ. ಮೆಕ್ಸಿಕೋದ ಚಿವಾವಾದಲ್ಲಿ ವಯಸ್ಕರ ಮೇಲೆ 2018ರಲ್ಲಿ ಪ್ರಕಟವಾದ ಕೆಲಸದಲ್ಲೂ ಮೂತ್ರದ ಫ್ಲೋರೈಡು ಹೆಚ್ಚಾದಂತೆ ಅಲ್ಬುಮಿನ್, ಸಿಸ್ಟಾಟಿನ್-ಸಿ ಮೊದಲಾದವು ಏರಿದ್ದವು. ಬ್ರೆಜಿಲಿನ ಬುಜಲಾಫ್ ತಂಡ ಇಲಿಗಳಿಗೆ ಫ್ಲೋರೈಡು ನೀರು ಕುಡಿಸಿ ಮೂತ್ರದ ಪ್ರೋಟೀನುಗಳ ಪೂರ್ತಿ ಪಟ್ಟಿಯನ್ನೇ ಜಾಲಾಡಿತು. ಇಲಿ ಫ್ಲೋರೈಡನ್ನು ಮನುಷ್ಯನಿಗಿಂತ ಬೇಗ ಹೊರಹಾಕುತ್ತದೆ, ಅದಕ್ಕೆ ಹಲವು ಪಟ್ಟು ಹೆಚ್ಚು ಕೊಡಬೇಕು. ಇಲಿಯ ಪಟ್ಟಿ ಮಗುವಿಗೆ ನೇರ ಹೊಂದುವುದಿಲ್ಲ.

ಅಮೆರಿಕದ ಒಂದು ಕೆಲಸದ ಹತ್ತಿರ ಸ್ವಲ್ಪ ನಿಲ್ಲಬೇಕು. ಆಶ್ಲಿ ಮಾಲಿನ್ ಮತ್ತು ಸಂಗಡಿಗರು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ 2013–16ರ ಹದಿಹರೆಯದವರ ರಕ್ತ ನೋಡಿದರು. ರಕ್ತದ ಫ್ಲೋರೈಡು ಹೆಚ್ಚಿದ್ದವರಲ್ಲಿ ಕಿಡ್ನಿಯ ಸೋಸುವ ವೇಗ ಕಡಿಮೆ ಇತ್ತು. ಸುದ್ದಿಯಾಗಲು ಇಷ್ಟು ಸಾಕಿತ್ತು. ಆದರೆ ಅವರೇ ಎತ್ತಿದ ಪ್ರಶ್ನೆ ಮುಖ್ಯವಾದದ್ದು: ಫ್ಲೋರೈಡಿನಿಂದ ಕಿಡ್ನಿ ನಿಧಾನವಾಯಿತೋ, ಕಿಡ್ನಿ ನಿಧಾನವಾದ್ದರಿಂದ ಫ್ಲೋರೈಡು ಹೊರಹೋಗದೆ ರಕ್ತದಲ್ಲಿ ಉಳಿಯಿತೋ? ಒಂದೇ ಸಲ ಮಾದರಿ ತೆಗೆದ ಯಾವ ಸಮೀಕ್ಷೆಯೂ ಇದನ್ನು ಬಿಡಿಸಲಾರದು. ಮೇಲೆ ಹೇಳಿದ ಮನುಷ್ಯರ ಅಧ್ಯಯನಗಳೂ ಒಂದೇ ಸಲ ನೋಡಿದವುಗಳೇ.

ಈಗ ಲಿಂಗಸೂಗೂರಿಗೆ ಬರೋಣ. ಈ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಭೂವಿಜ್ಞಾನಿಗಳು ಇಲ್ಲಿನ ಬಂಡೆಯ ಪಟ್ಟಿಯನ್ನು ಹಟ್ಟಿ–ಮಸ್ಕಿ ಪಟ್ಟಿ ಎಂದೇ ಕರೆಯುತ್ತಾರೆ. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರಿದ್ದ ಶಾಸನವನ್ನು ಕಂಡ ಬೀಡನ್ ಕೂಡ ಚಿನ್ನದ ಜಾಡು ಹಿಡಿದು ಬಂದ ಗಣಿ ಎಂಜಿನಿಯರು. ಚಿನ್ನ ಇರುವ ಇಂಥ ಬಂಡೆಯಲ್ಲಿ ಆರ್ಸೆನೊಪೈರೈಟ್ ಎಂಬ ಖನಿಜವೂ ಇರುತ್ತದೆ, ಅಂದರೆ ಆರ್ಸೆನಿಕ್. ಕೃಷ್ಣೆಯ ಆಚೆ, ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಹಳೆಯ ಚಿನ್ನದ ಗಣಿಯ ಹತ್ತಿರದ ನೀರು ಕುಡಿದವರ ಅಂಗೈ ಅಂಗಾಲು ಗಂಟುಗಟ್ಟಿ, ಕ್ಯಾನ್ಸರ್ ಕೂಡ ಕಂಡದ್ದು ಒಂದೂವರೆ ದಶಕದ ಹಿಂದೆ ಬಯಲಾಯಿತು. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಅದನ್ನು ವಿವರವಾಗಿ ಬರೆದರು. ಆರ್ಸೆನಿಕ್ಕಿಗೆ ಲೀಟರಿಗೆ 10 ಮೈಕ್ರೋಗ್ರಾಂ ಮಿತಿ, ಫ್ಲೋರೈಡಿನ ಮಿತಿಗಿಂತ ನೂರು ಪಟ್ಟು ಕಡಿಮೆ. ಈ ಆರ್ಸೆನಿಕ್ ಕಿಡ್ನಿಯ ನಳಿಕೆಗೂ ಶತ್ರು. ಮೆಕ್ಸಿಕೋದ ಸಾನ್ ಲೂಯಿಸ್ ಪೊಟೋಸಿಯ 83 ಮಕ್ಕಳಲ್ಲಿ ಹಲವು ವಿಷಗಳನ್ನು ಒಟ್ಟಿಗೆ ಅಳೆದಾಗ ಕಿಮ್-1 ಏರಿಕೆ ಜತೆಗೂಡಿದ್ದು ಆರ್ಸೆನಿಕ್ ಮತ್ತು ಕ್ರೋಮಿಯಂ ಜತೆ.

ಲಿಂಗಸೂಗೂರು ಅಥವಾ ಮಸ್ಕಿಯ ತಾಂಡಾದ ಒಂದು ಮಗುವಿನ ಮೂತ್ರದಲ್ಲಿ ಕಿಮ್-1 ಹೆಚ್ಚಾಗಿದೆ ಅಂದುಕೊಳ್ಳೋಣ. ಫ್ಲೋರೈಡು ಕಾರಣವೋ, ಆರ್ಸೆನಿಕ್ಕೋ, ಎರಡೂ ಸೇರಿಯೋ? ಸಿಂಧನೂರಿನ ಭತ್ತದ ಬಯಲಾದರೆ ಕೀಟನಾಶಕವೋ? ಪ್ರೋಟೀನು ಉತ್ತರ ಕೊಡದು. ಕಾಲುವೆ ಹಳ್ಳಿಯ ಮಕ್ಕಳನ್ನು ‘ಒಳ್ಳೆಯ ನೀರಿನ ಗುಂಪು’ ಎಂದು, ಕಾಲುವೆ ಬಾರದ ಎತ್ತರದ ಹಳ್ಳಿಯ ಮಕ್ಕಳನ್ನು ‘ಕೆಟ್ಟ ನೀರಿನ ಗುಂಪು’ ಎಂದು ಹೋಲಿಸುವುದು ಯಾವ ಸಂಶೋಧಕನಿಗೂ ಥಟ್ಟನೆ ಹೊಳೆಯುವ ಉಪಾಯ. ಆದರೆ ಎರಡರಲ್ಲೂ ವಿಷ ಬೇರೆ, ಬಂಡೆ ಬೇರೆ, ಊಟ ಬೇರೆ, ಕೈಗೆ ಬರುವ ದುಡ್ಡೂ ಬೇರೆ.

ಇನ್ನೊಂದು ತೊಡಕು ಲೆಕ್ಕದ್ದು. ನೀರು ಕಡಿಮೆ ಕುಡಿದವರ ಮೂತ್ರ ಗಟ್ಟಿ, ಹೆಚ್ಚು ಕುಡಿದವರದು ತೆಳು. ಅದನ್ನು ಸರಿದೂಗಿಸಲು ಪ್ರತಿ ಗ್ರಾಂ ಕ್ರಿಯಾಟಿನಿನ್ನಿಗೆ ಇಷ್ಟು ಪ್ರೋಟೀನು ಎಂದು ಬರೆಯುವುದು ರೂಢಿ. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆ ಇದು. ತೋಳು ಸಣಕಲಾದ ಮಗುವಿನಲ್ಲಿ ಕ್ರಿಯಾಟಿನಿನ್ ಕಡಿಮೆ, ಭಾಗಿಸಿದಾಗ ಪ್ರೋಟೀನಿನ ಅಂಕಿ ತಾನಾಗಿ ದೊಡ್ಡದಾಗಿ ಕಾಣುತ್ತದೆ. ಹಸಿವನ್ನು ಫ್ಲೋರೈಡೆಂದು ಓದಿಬಿಡುವ ಅಪಾಯ ಇದು. ಮೂತ್ರದ ಸಾಪೇಕ್ಷ ಸಾಂದ್ರತೆಯಿಂದ ಸರಿದೂಗಿಸುವುದು ಇಲ್ಲಿ ಮೇಲು, ಕನಿಷ್ಠ ಎರಡೂ ಬಗೆಯ ಲೆಕ್ಕವನ್ನು ಮುಂದಿಡಬೇಕು. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ನೀರೇ ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂರುವ ಹುಡುಗಿಯರಲ್ಲಿ ಸೋಂಕು ಸಾಮಾನ್ಯ. ಸೋಂಕಿದ್ದರೆ ಬಿಳಿರಕ್ತಕಣಗಳಿಂದಲೇ ಎನ್‌ಗ್ಯಾಲ್ ಏರುತ್ತದೆ. ಖೋ ಖೋ ಆಡಿ ಬಂದವನ, ಜ್ವರ ಬಂದು ಎದ್ದವನ ಮೂತ್ರದಲ್ಲಿ ಅಲ್ಬುಮಿನ್ ತಾತ್ಕಾಲಿಕವಾಗಿ ಹೆಚ್ಚಿರಬಹುದು. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಆಮ್ಲೀಯ ಮೂತ್ರದಲ್ಲಿ, ಮೂತ್ರಕೋಶದ ಒಳಗೇ, ಒಡೆದು ಹೋಗುತ್ತದೆ. ಜಪಾನಿನಲ್ಲಿ ಹೆಸರಾದ ಸೂಚಕವೇ ಇಲ್ಲಿ ಕೈಕೊಡಬಹುದು, ಆಲ್ಫಾ-1 ಅಥವಾ ರೆಟಿನಾಲಿನ ಪ್ರೋಟೀನು ಹೆಚ್ಚು ನಂಬಿಕಸ್ತ.

ಸಾಗಾಟದ ಮಾತನ್ನು ಬೇಗ ಮುಗಿಸಬಹುದು. ಈ ಪರೀಕ್ಷೆಗಳು ತಾಲ್ಲೂಕು ಆಸ್ಪತ್ರೆಯ ಮಾಮೂಲಿ ಪರೀಕ್ಷೆಗಳಲ್ಲ. ತೊಂಬತ್ತಾರು ಗುಣಿಯ ತಟ್ಟೆ, ಪ್ರತಿಕಾಯದ ಕಿಟ್ಟು, ಮೈನಸ್ 80 ಡಿಗ್ರಿಯ ಫ್ರೀಜರು ಬೇಕು, ತೆಗೆದ ಮಾದರಿಯನ್ನು ಕೂಡಲೇ ಮಂಜುಗಡ್ಡೆಯಲ್ಲಿಡಬೇಕು. ಕರೆಂಟು ಹೋದ ಒಂದು ಮಧ್ಯಾಹ್ನ ಸಾಕು, ಇಡೀ ಶಾಲೆಯ ಮಾದರಿ ಹಾಳಾಗಲು. ಮಕ್ಕಳಿಗೆ ಇಷ್ಟಿದ್ದರೆ ಸರಿ, ಇಷ್ಟಾದರೆ ಹೆಚ್ಚು ಎಂಬ ಒಪ್ಪಿತ ಮಿತಿಯೂ ಇವುಗಳಲ್ಲಿ ಬಹುಪಾಲಿಗೆ ಇಲ್ಲ, ನಮ್ಮ ದೇಶದ ಮಕ್ಕಳದ್ದಂತೂ ಇಲ್ಲ.

ಹೀಗಿರುವಾಗ ‘ಫ್ಲೋರೈಡ್ ಪತ್ತೆಗೆ ಮೂತ್ರ ಪ್ರೋಟೀನು’ ಎಂಬ ಹೆಸರಿನಲ್ಲಿ ಜಿಲ್ಲಾ ಮಟ್ಟದ ಕಾರ್ಯಕ್ರಮ ಹೂಡುವುದನ್ನು ನಾನು ಒಪ್ಪುವುದಿಲ್ಲ. ಪತ್ತೆಗೆ ಎಲೆಕ್ಟ್ರೋಡು ಇದೆ, ಹಲ್ಲಿದೆ, ಬೋರಿನ ನೀರೇ ಇದೆ. ನೀರು ಕೆಟ್ಟಿದೆ ಎಂದು ಗೊತ್ತಿದ್ದೂ ಇನ್ನೊಂದು ಸುತ್ತು ಪರೀಕ್ಷೆ ಮಾಡುವುದು ಈ ಸೀಮೆಗೆ ಹೊಸದಲ್ಲ. ಕುಡಿಯಬೇಡಿ ಎಂದು ಕೈಪಂಪಿಗೆ ಕೆಂಪು ಬಣ್ಣ ಬಳಿದು, ಬೇರೆ ನೀರು ಕೊಡದೆ ಹೋದರೆ ಜನ ಕೆಂಪು ಪಂಪಿನಲ್ಲೇ ಕೊಡ ತುಂಬಿಸುತ್ತಾರೆ. ಮನೆ ಮನೆಗೆ ನಲ್ಲಿ ಕೊಡುವ ಜಲಜೀವನ ಮಿಷನ್ 2019ರಲ್ಲಿ ಶುರುವಾಯಿತು, 2024ರ ಗಡುವು ದಾಟಿ ಮುಂದಕ್ಕೆ ಹೋಗಿದೆ. ನಲ್ಲಿ ಬಂದ ಕಡೆಯೂ ಅದರ ಹಿಂದಿರುವ ನೀರು ನದಿಯದೋ, ಹಳೆಯ ಬೋರಿನದೋ ಎಂದು ಕೇಳಲೇಬೇಕು.

ಆದರೆ ಒಂದು ಕೆಲಸಕ್ಕೆ ಈ ಪ್ರೋಟೀನುಗಳನ್ನು ಬಿಟ್ಟರೆ ಗತಿಯಿಲ್ಲ. ಕಲೆಬಿದ್ದ ಹಲ್ಲು ವಾಸಿಯಾಗುವುದಿಲ್ಲ. ಎಲುಬು ಬಿಟ್ಟುಕೊಡುತ್ತಿರುವ ಸಂಗ್ರಹದಿಂದಾಗಿ ಮೂತ್ರದ ಫ್ಲೋರೈಡು ನಿಧಾನವಾಗಿ ಇಳಿಯುತ್ತದೆ. ಒಳ್ಳೆಯ ನೀರು ಬಂದ ಮೇಲೆ ಮಗುವಿನ ಕಿಡ್ನಿ ಚೇತರಿಸಿಕೊಂಡಿತೇ ಎಂಬ ಪ್ರಶ್ನೆಗೆ ಈ ಎರಡರಿಂದಲೂ ಉತ್ತರ ಸಿಗದು. ನಳಿಕೆಯ ಕೋಶಗಳು ಮರುಹುಟ್ಟು ಪಡೆಯಬಲ್ಲವು. ಎನ್‌ಎಜಿ, ಕಿಮ್-1, ಆಲ್ಫಾ-1 ಇಳಿದರೆ ಆ ಚೇತರಿಕೆ ಕಾಣುತ್ತದೆ. ಇಲ್ಲಿ ಮಗುವನ್ನು ಬೇರೆ ಮಗುವಿನ ಜತೆ ಹೋಲಿಸಬೇಕಿಲ್ಲ, ಅದರ ಹಿಂದಿನ ಅಂಕಿಯ ಜತೆಗೇ ಹೋಲಿಸಿದರೆ ಸಾಕು. ಅಪೌಷ್ಟಿಕತೆ, ಬಂಡೆ, ಜಾತಿ, ಊಟದ ಗೊಂದಲ ಪೂರ್ತಿ ಹೋಗದಿದ್ದರೂ ಬಹಳಷ್ಟು ಕಡಿಮೆಯಾಗುತ್ತದೆ. ಕಾರಣ ಫ್ಲೋರೈಡೋ ಆರ್ಸೆನಿಕ್ಕೋ ಎಂಬ ಜಗಳವೂ ಸ್ವಲ್ಪ ಸಡಿಲವಾಗುತ್ತದೆ, ನದಿ ನೀರು ಬಂದರೆ ಎರಡೂ ಒಟ್ಟಿಗೆ ಇಳಿಯುವುದರಿಂದ. ಇಳಿಯದೆ ಉಳಿದ ಮಕ್ಕಳನ್ನು ಕಿಡ್ನಿ ವೈದ್ಯರ ಹತ್ತಿರ ಕಳಿಸಬಹುದು.

ಅಂಥ ಅಧ್ಯಯನ ಇಲ್ಲಿ ಹೇಗಿರಬೇಕೆಂಬುದು ಕಾಲುವೆಯ ವೇಳಾಪಟ್ಟಿಯಿಂದಲೇ ತೀರ್ಮಾನವಾಗುತ್ತದೆ. ಬಹುಗ್ರಾಮ ಯೋಜನೆಯ ನೀರು ಇನ್ನೇನು ತಲುಪಲಿರುವ ಹಳ್ಳಿಗಳನ್ನು ಆರಿಸಬೇಕು. ನಾಲ್ಕರಿಂದ ಎಂಟು ವರ್ಷದ ಮಕ್ಕಳಿರಬೇಕು, ಅಂದರೆ ಶಾಲೆಯ ಜತೆ ಅಂಗನವಾಡಿಯೂ ಬೇಕು. ಬೆಳಗಿನ ಮೊದಲ ಮೂತ್ರ. ಅದೇ ಬಾಟಲಿಯಿಂದ ಫ್ಲೋರೈಡು, ಆರ್ಸೆನಿಕ್ ಮತ್ತು ಪ್ರೋಟೀನು ಮೂರನ್ನೂ ಅಳೆಯಬೇಕು, ಸೋಂಕಿದ್ದರೆ ಮೊದಲು ಅದಕ್ಕೆ ಔಷಧ. ಕುಡಿಯುವ ಕ್ಯಾನಿನ ನೀರಿನ ಜತೆ ಅಡುಗೆಯ ಕೊಡದ ನೀರನ್ನೂ, ಬಿಸಿಯೂಟದ ಬೇಳೆ ಬೇಯಿಸುವ ನೀರನ್ನೂ ತೆಗೆದಿಡಬೇಕು. ಮಾದರಿ ವರ್ಷಕ್ಕೆ ಎರಡು ಸಲ: ಕೆರೆಗಳು ತುಂಬಿರುವ ಅಕ್ಟೋಬರ್–ನವೆಂಬರ್‌ನಲ್ಲಿ ಒಮ್ಮೆ, ಕಾಲುವೆ ನಿಂತು ಊರು ಬೋರಿಗೆ ಮರಳುವ ಬೇಸಿಗೆಯಲ್ಲಿ ಇನ್ನೊಮ್ಮೆ. ಆದರೆ ಏಪ್ರಿಲ್‌ನ ಎರಡನೇ ವಾರದ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ ಬೀಳುತ್ತದೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದ ಮನೆಗಳು ಅನೇಕ. ಆ ಮಕ್ಕಳನ್ನು ಬಿಟ್ಟು ಮಾದರಿ ತೆಗೆದರೆ ಅತಿ ಕೆಟ್ಟ ನೀರು ಕುಡಿದವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ಹಾಗಾಗಿ ಬೇಸಿಗೆಯ ಮಾದರಿ ಮಾರ್ಚ್ ಕೊನೆಗೆ, ಶಾಲೆಯ ಪರೀಕ್ಷೆ ಮುಗಿಯುವ ಮುಂಚೆ ಆಗಬೇಕು, ಗುಳೆ ಹೋದವರು ಯುಗಾದಿಗೆ ಊರಿಗೆ ಬಂದಾಗ ಅವರ ಮಕ್ಕಳ ಬಾಟಲಿಯನ್ನೂ ಆಶಾ ಕಾರ್ಯಕರ್ತೆ ಮನೆಗೇ ಹೋಗಿ ತರಬೇಕು.